ಯಿಡ್ಡಿಶ್ ಸ್ವಿಂಗ್ ಡಬಲ್ ಸಿಡಿ: ಹಾಡಿಗೆ ಐದಕ್ಕೆ ಐದು, ಪುಸ್ತಿಕೆಗೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ಯಿಡ್ಡಿಶ್ (ಪೂರ್ವ ಯೂರೋಪಿನ ಯಹೂದಿಗಳ ಆಡುಮಾತು, ಬರೆಯೋದು ಹೀಬ್ರೂ ಅಕ್ಷರದಲ್ಲಿ) ನಂಗೆ ಬರಲ್ಲ, ಆ ಅಕ್ಷರ ಓದೋಕೂ ಬರಲ್ಲ. ಆದ್ರೂ ಈ ಎರಡು ಸಿಡಿ ಸೆಟ್ಟನ್ನ ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಕೇಳಿದೀನಿ ಅಂದ್ರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಆ ಎರಡು ಸೆಕೆಂಡ್ ಗ್ಯಾಪಲ್ಲೇ ಮುಂದಿನ ಹಾಡಿನ ಮೊದಲನೇ ಸ್ವರ ನನ್ನ ಬಾಯಿಗೆ ಬಂದಿರುತ್ತೆ. 1930ರ ದಶಕದಿಂದ ಹಿಡಿದು ಸುಮಾರು 60ರ ದಶಕದವರೆಗೆ, ಮುಖ್ಯವಾಗಿ ನ್ಯೂಯಾರ್ಕಲ್ಲಿ, ಮನೇಲಿ ಯಿಡ್ಡಿಶ್ ಮಾತಾಡ್ಕೊಂಡು ಬೀದೀಲಿ ಜಾಝ್ ಕೇಳ್ಕೊಂಡು ಬೆಳೆದ ಮಕ್ಕಳು ಹಾಡಿದ, ನುಡಿಸಿದ ಹಾಡುಗಳೇ ಇದರಲ್ಲಿ ಹೆಚ್ಚು, ಸ್ವಿಂಗ್ ಅಂದ್ರೆ ಆ ಕಾಲದ ಕುಣಿಯೋ ಥರದ ಜಾಝ್. ಸೆಟ್ ಹೊರತಂದವರ ಹೆಸರು ಬೇಡ, ಅವರ ಮೇಲೆ ನಂದು ಒಂದಷ್ಟು ದೂರಿದೆ, ಅದನ್ನ ಆಮೇಲೆ ಹೇಳ್ತೀನಿ. ಮೊದ್ಲು ಹಾಡುಗಳ ಬಗ್ಗೆ ಹೇಳ್ಬೇಕು, ಯಾಕಂದ್ರೆ ನಿಜವಾದ ಸಂಗತಿ ಇರೋದು ಅಲ್ಲೇ.

ಮೊದಲನೇ ಹಾಡು ಎಲ್ರಿಗೂ ಗೊತ್ತಿರೋದೇ, "ಬೈ ಮಿರ್ ಬಿಸ್ಟು ಶೇಯ್ನ್", ಅಂದ್ರೆ "ನನ್ನ ಕಣ್ಣಿಗೆ ನೀನು ಚೆಂದ". ಹೆಸರು ಗೊತ್ತಿಲ್ದಿದ್ರೂ ಟ್ಯೂನ್ ಕೇಳಿದ್ ತಕ್ಷಣ ಅಯ್ಯೋ ಇದಾ ಅಂತೀರ. ಸಿಡೀಲಿ ಇರೋದು ಆಂಡ್ರೂಸ್ ಸಿಸ್ಟರ್ಸ್ 1937ರ ನವೆಂಬರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ್ದು. ಅವರು ಯಹೂದಿಗಳಲ್ಲ. ಅಪ್ಪ ಗ್ರೀಕ್, ಅಮ್ಮ ನಾರ್ವೆ ಮೂಲದೋರು, ಊರು ಮಿನ್ನಿಯಾಪೊಲಿಸ್. ಹಾಡಿನ ಕಥೆ ಮಾತ್ರ ಅದಕ್ಕೂ ಐದು ವರ್ಷ ಹಿಂದಿಂದು. 1932ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಲ್ಲಿ ಆಡಿದ ಒಂದು ಯಿಡ್ಡಿಶ್ ಸಂಗೀತ ನಾಟಕಕ್ಕೆ ಶೋಲೊಮ್ ಸೆಕುಂಡಾ ರಾಗ ಹಾಕಿದ್ರು, ಜೇಕಬ್ ಜೇಕಬ್ಸ್ ಸಾಹಿತ್ಯ ಬರೆದ್ರು. ನಮ್ಮ ಕಂಪನಿ ನಾಟಕಗಳ ರಂಗಗೀತೆ ಇದ್ದಂಗೇ ಅನ್ಕೊಳ್ಳಿ, ನಾಟಕ ಮರೆತುಹೋಗುತ್ತೆ, ಹಾಡು ಮಾತ್ರ ಜನರ ಬಾಯಲ್ಲಿ ಉಳ್ಕೊಳ್ಳುತ್ತೆ. ಆಮೇಲೆ 1937ರಲ್ಲಿ ಇಬ್ರೂ ಸೇರಿ ಹಾಡಿನ ಹಕ್ಕನ್ನ ಒಂದು ಸಂಗೀತ ಪ್ರಕಾಶನಕ್ಕೆ 30 ಡಾಲರಿಗೆ ಮಾರಿಬಿಟ್ರು. ಇಬ್ರಿಗೂ ಸೇರಿ 30, ತಲೆಗೆ 15.

ಅದೇ ಹೊತ್ತಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನ ಅಪೊಲೊ ಥಿಯೇಟರಲ್ಲಿ ಜಾನಿ ಅಂಡ್ ಜಾರ್ಜ್ ಅನ್ನೋ ಇಬ್ರು ಕಪ್ಪು ಗಾಯಕರು ಇದೇ ಹಾಡನ್ನ ಯಿಡ್ಡಿಶಲ್ಲೇ ಹಾಡ್ತಿದ್ರು, ಕ್ಯಾಟ್‌ಸ್ಕಿಲ್ಸ್ ಬೆಟ್ಟದ ಯಹೂದಿ ರಿಸಾರ್ಟೊಂದರಲ್ಲಿ ಕಾರ್ಯಕ್ರಮ ಕೊಡೋಕೆ ಹೋದಾಗ ಕಲ್ತಿದ್ದು. ಕೇಳ್ತಾ ಕೂತಿದ್ದ ಜನಕ್ಕೆ ಒಂದಕ್ಷರ ಅರ್ಥ ಆಗ್ದಿದ್ರೂ ಇಡೀ ಹಾಲ್ ಕುಣೀತಿತ್ತು. ಆ ಸಭೇಲಿ ಸ್ಯಾಮಿ ಕಾನ್ ಅನ್ನೋ ಯುವ ಗೀತರಚನೆಕಾರ ಇದ್ರು, ಜನ ಹೀಗೆ ಕುಣಿಯೋದು ನೋಡಿ, ಸಾಲ್ ಚಾಪ್ಲಿನ್ ಜೊತೆ ಸೇರ್ಕೊಂಡು ಇಂಗ್ಲಿಷ್ ಸಾಹಿತ್ಯ ಕೂರಿಸಿದ್ರು. ಆಂಡ್ರೂಸ್ ಸಿಸ್ಟರ್ಸ್ ಹಾಡಿದ್ರು, ರೆಕಾರ್ಡ್ ಲಕ್ಷಗಟ್ಟಲೆ ಖರ್ಚಾಯ್ತು, ಹಾಡು ಲಕ್ಷಾಂತರ ಡಾಲರ್ ದುಡೀತು, ರಾಗ ಹಾಕಿದ ಸೆಕುಂಡಾ ಅವ್ರಿಗೆ ಸಿಕ್ಕಿದ್ದು ಆ 15 ಡಾಲರ್. ಕಾಪಿರೈಟ್ ಅವಧಿ ಮುಗಿದು ಹಕ್ಕು ವಾಪಸ್ ಬಂದಿದ್ದು 1961ರಲ್ಲಿ. ಈ ಹಾಡು ಕೇಳುವಾಗೆಲ್ಲ ನಂಗೆ ಆ 24 ವರ್ಷ ನೆನಪಾಗುತ್ತೆ, ರೇಡಿಯೋ ಹಾಕಿದ್ರೆ ತನ್ನದೇ ಟ್ಯೂನು, ಮದುವೆಗೆ ಹೋದ್ರೆ ಅಲ್ಲೂ ತನ್ನದೇ ಟ್ಯೂನು, ಮನುಷ್ಯ ಹೇಗೆ ತಡ್ಕೊಂಡ್ರೋ ಏನೋ. ಸಿಡಿ ಜೊತೆ ಕೊಟ್ಟಿರೋ ಪುಸ್ತಿಕೇಲಿ ಈ ಕಥೆ ಒಂದೇ ಸಾಲಲ್ಲಿ ಮುಗಿಸಿದಾರೆ, ಅದು ನಂಗೆ ಸರಿ ಅನ್ನಿಸ್ಲಿಲ್ಲ.

ಈ ಸೆಟ್ಟಿನ ಜೀವ ಅಂದ್ರೆ ಬ್ಯಾರಿ ಸಿಸ್ಟರ್ಸ್. ಒಟ್ಟು ಹಾಡಲ್ಲಿ ಮೂರನೇ ಒಂದು ಭಾಗ ಅವರದ್ದೇ. ನಿಜವಾದ ಹೆಸರು ಕ್ಲಾರಾ ಮತ್ತು ಮಿನ್ನಿ ಬೇಗಲ್‌ಮನ್, ಬ್ರಾಂಕ್ಸಲ್ಲಿ ಬೆಳೆದ ಅಕ್ಕ ತಂಗಿ. ಮೊದ್ಲು ಬೇಗಲ್‌ಮನ್ ಸಿಸ್ಟರ್ಸ್ ಅಂತಲೇ ಹಾಡ್ತಿದ್ರು, ಆಂಡ್ರೂಸ್ ಸಿಸ್ಟರ್ಸ್ ರೆಕಾರ್ಡ್ ಆ ಪಾಟಿ ಹಿಟ್ ಆದ್ಮೇಲೆ ಅಕ್ಕ ತಂಗಿ ಜೋಡಿಗಳಿಗೆ ಬೇಡಿಕೆ ಬಂತು ನೋಡಿ, ಇವರು ಕ್ಲೇರ್ ಬ್ಯಾರಿ, ಮರ್ನಾ ಬ್ಯಾರಿ ಆದ್ರು. 1938ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಎಚ್ಎನ್ ರೇಡಿಯೋ ಸ್ಟೇಶನ್ನಲ್ಲಿ "ಯಿಡ್ಡಿಶ್ ಮೆಲೊಡೀಸ್ ಇನ್ ಸ್ವಿಂಗ್" ಅನ್ನೋ ಪ್ರೋಗ್ರಾಮ್ ಶುರುವಾಯ್ತು, ಪ್ರತಿ ಭಾನುವಾರ. ಪ್ರಾಯೋಜಕರು ಮನಿಶೆವಿಟ್ಜ್, ಯಹೂದಿಗಳ ಪಾಸೋವರ್ ಹಬ್ಬಕ್ಕೆ ಮಾಟ್ಸಾ ರೊಟ್ಟಿ ತಯಾರಿಸೋ ಕಂಪನಿ. ವಾದ್ಯಗೋಷ್ಠಿ ಸ್ಯಾಮ್ ಮೆಡಾಫ್ ಅವರದ್ದು. ಆ ಪ್ರೋಗ್ರಾಮ್ 1955ರವರೆಗೂ ನಡೀತು, ಅಂದ್ರೆ ಹದಿನೇಳು ವರ್ಷ. ಮಧ್ಯದಲ್ಲಿ ಮಹಾಯುದ್ಧ ಬಂದು ಹೋಯ್ತು, ಇವರ ಅಪ್ಪ ಅಮ್ಮಂದಿರು ಬಿಟ್ಟು ಬಂದ ಊರುಗಳೆಲ್ಲ ಅಲ್ಲಿ ಯೂರೋಪಲ್ಲಿ ಅಳಿಸಿಹೋದ್ವು, ಇಲ್ಲಿ ಪ್ರತಿ ಭಾನುವಾರ ಈ ಹಾಡು ಬರ್ತಾನೇ ಇತ್ತು. ಅದನ್ನ ಯೋಚನೆ ಮಾಡ್ಕೊಂಡು ಕೇಳಿದ್ರೆ ಇದು ಬರೀ ಜಾಲಿ ಹಾಡು ಅಂತ ಯಾರಿಗೂ ಅನ್ಸಲ್ಲ.

ಅವರ ಹಾಡುಗಾರಿಕೆ ಬಗ್ಗೆ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಇಬ್ಬರ ದನಿಯೂ ಒಂದಕ್ಕೊಂದು ಎಷ್ಟು ಅಂಟ್ಕೊಂಡಿದೆ ಅಂದ್ರೆ ಹೆಡ್‌ಫೋನ್ ಹಾಕಿ ಎಷ್ಟೇ ಗಮನ ಕೊಟ್ರೂ ಯಾರು ಮೇಲಿನ ಸ್ವರ ಯಾರು ಕೆಳಗಿನದು ಅಂತ ಬಿಡಿಸೋಕೆ ಕಷ್ಟ. ಒಂದು ಸಾಲು ಪೂರ್ತಿ ಸಮ ಸಮ ಹೋಗ್ತಾರೆ, ಡ್ಯಾನ್ಸ್ ಬ್ಯಾಂಡಿನ ಹುಡುಗೀರು ಹಾಡೋ ಹಾಗೆ ನೀಟಾಗಿ, ಸಾಲಿನ ಕೊನೇಲಿ ಮಾತ್ರ ಸ್ವರ ಸಣ್ಣಗೆ ಮುರಿಯುತ್ತೆ. ಅಳು ತಡ್ಕೊಂಡಾಗ ಗಂಟಲಲ್ಲಿ ಒಂದು ಬಿಕ್ಕು ಬರುತ್ತಲ್ಲ, ಅದೇ. ಯಿಡ್ಡಿಶಲ್ಲಿ ಅದಕ್ಕೆ ಕ್ರೆಖ್ತ್ಸ್ ಅಂತಾರೆ, ನರಳು ಅಂತ ಅರ್ಥ. ಕ್ಲೆಜ್ಮರ್ (ಯಹೂದಿ ಮದುವೆ ಮನೆಯ ವಾದ್ಯಸಂಗೀತ) ಪಿಟೀಲು, ಕ್ಲಾರಿನೆಟ್ ನುಡಿಸೋರು, ಸಿನಗಾಗ್ ಅನ್ನೋ ಯಹೂದಿ ದೇವಾಲಯದಲ್ಲಿ ಪ್ರಾರ್ಥನೆ ಹಾಡೋರು, ಎಲ್ಲರ ಸಂಗೀತದಲ್ಲೂ ಇರೋ ಅಲಂಕಾರ ಅದು. ಗಮಕ ಕೇಳಿ ಬೆಳೆದ ಕಿವಿಗೆ ಅದು ತಕ್ಷಣ ಸಿಗುತ್ತೆ, ವಿವರಿಸಬೇಕಾಗಿಲ್ಲ. ಕೆಳಗೆ ಡ್ರಮ್ಸು, ಬಾಸು ಮಾಮೂಲಿ ಸ್ವಿಂಗ್ ಹೊಡೀತಾ ಇರುತ್ತೆ, ಕಾಲು ತಾಳ ಹಾಕ್ತಿರುತ್ತೆ, ಮೇಲೆ ಈ ಬಿಕ್ಕು. ಈ ಹಾಡುಗಳು ಎಂಬತ್ತು ವರ್ಷ ಆದ್ರೂ ಹಳಸ್ದೇ ಇರೋದಕ್ಕೆ ನನ್ನ ಪ್ರಕಾರ ಕಾರಣ ಅದೊಂದೇ, ಬೇರೆ ಏನೂ ಇಲ್ಲ. ಕಾಲು ಒಂದು ಕಡೆ ಇದೆ, ಗಂಟಲು ಇನ್ನೊಂದು ಕಡೆ ಇದೆ, ಎರಡರಲ್ಲಿ ಯಾವುದೂ ಸುಳ್ಳಲ್ಲ.

ನಮ್ಮಮ್ಮ ವರ್ಷಗಟ್ಟಲೆ ಮಕ್ಕಳಿಗೆ ಸಂಗೀತ ಪಾಠ ಹೇಳ್ದೋರು, ಜಾಝ್ ಅಂದ್ರೆ ಗದ್ದಲ ಅನ್ನೋರು. ಒಂದಿನ ನಾನು ಸ್ಪೀಕರಲ್ಲಿ "ಹವಾ ನಗೀಲಾ" ಹಾಕಿದ್ದೆ (ಇದು ಯಿಡ್ಡಿಶ್ ಅಲ್ಲ, ಹೀಬ್ರೂ ಹಾಡು, ಆದ್ರೆ ಈ ಗಾಯಕರೆಲ್ಲ ಹಾಡಿದಾರೆ, ಸೆಟ್ಟಲ್ಲೂ ಇದೆ), ಪಕ್ಕದ ರೂಮಿಂದ ಬಂದು ನಿಂತ್ಕೊಂಡು ಕೇಳಿದ್ರು, ಬೆರಳಲ್ಲಿ ಸ್ವರ ಎಣಿಸಿದ್ರು, ಆಮೇಲೆ "ಇದು ವಕುಳಾಭರಣ ಕಣೋ" ಅಂದ್ರು. ನಾನು ಕೂತ್ಕೊಂಡು ಚೆಕ್ ಮಾಡ್ದೆ, ಹೌದು. ಯಿಡ್ಡಿಶ್ ಸಂಗೀತಗಾರರು ಫ್ರೈಗಿಶ್ ಅಂತ ಕರೆಯೋ ಆ ಸ್ಕೇಲು ನಮ್ಮ ಹದಿನಾಲ್ಕನೇ ಮೇಳಕರ್ತದ ಸ್ವರಗಳೇ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ. ನಾವೆಲ್ಲ ಮೊದಲನೇ ದಿನ ಸರಳೆ ವರಸೆ ಕಲಿಯೋ ಮಾಯಾಮಾಳವಗೌಳಕ್ಕೂ ಇದಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಸ್ವರ, ನಿಷಾದ. ಹಂಗಂತ ಅದು ಕರ್ನಾಟಕ ಸಂಗೀತ ಅಂತ ನಾನು ಹೇಳ್ತಿಲ್ಲ, ಸ್ವರ ಒಂದೇ ಇದ್ರೂ ನಡೆ ಬೇರೆ, ಅವರು ನಿಲ್ಲೋ ಜಾಗ ಬೇರೆ. ಆದ್ರೆ ನಮ್ಮಲ್ಲಿ ಯಾರಾದ್ರೂ ಇದನ್ನ ಮೊದಲನೇ ಸಲ ಕೇಳಿದಾಗ, ಎಲ್ಲೋ ಕೇಳಿದೀನಲ್ಲ ಅಂತ ಅನ್ಸೋದು ಯಾಕೆ ಅನ್ನೋದಕ್ಕೆ ಒಂದು ಉತ್ತರ ಅಲ್ಲಿದೆ. ರಿಷಭದಿಂದ ಗಾಂಧಾರಕ್ಕೆ ಇರೋ ಆ ದೊಡ್ಡ ಜಿಗಿತ ಇದೆಯಲ್ಲ, ಪಿಯಾನೋ ಜೊತೆ ಕೇಳಿದ್ರೂ ಎದೆಗೆ ಹತ್ತಿ ಕೂರುತ್ತೆ. ಅವತ್ತಿಂದ ಅಮ್ಮನೇ ಒಂದೊಂದ್ಸಲ ಆ ಅಕ್ಕ ತಂಗೀರ ಹಾಡು ಹಾಕು ಅಂತಾರೆ.

ಸೆಟ್ಟಲ್ಲಿ ನಂಗೆ ತೀರಾ ಇಷ್ಟವಾದ ಮೂರು ನಿಮಿಷ ಯಾವ್ದು ಅಂದ್ರೆ ಬೆನ್ನಿ ಗುಡ್‌ಮನ್ ಬ್ಯಾಂಡಿನ "ಅಂಡ್ ದಿ ಏಂಜಲ್ಸ್ ಸಿಂಗ್", 1939. ಇದರ ಸಾಹಿತ್ಯ ಇಂಗ್ಲಿಷು, ಜಾನಿ ಮರ್ಸರ್ ಬರೆದಿದ್ದು. ಟ್ಯೂನ್ ಮಾತ್ರ ಬ್ಯಾಂಡಲ್ಲಿ ಟ್ರಂಪೆಟ್ ನುಡಿಸ್ತಿದ್ದ ಜಿಗ್ಗಿ ಎಲ್ಮನ್ ಅವರದ್ದು, ಅವರ ಹುಟ್ಟು ಹೆಸರು ಹ್ಯಾರಿ ಫಿಂಕೆಲ್‌ಮನ್, ಅವರು ಹಿಂದಿನ ವರ್ಷ ಅದನ್ನ "ಫ್ರೈಲಿಖ್ ಇನ್ ಸ್ವಿಂಗ್" ಅಂತ ಬರೀ ವಾದ್ಯದಲ್ಲಿ ನುಡಿಸಿದ್ರು. ಫ್ರೈಲಿಖ್ ಅಂದ್ರೆ ಖುಷಿ, ಯಹೂದಿ ಮದುವೇಲಿ ಸುತ್ತು ಕಟ್ಟಿ ಕುಣಿಯೋ ಕುಣಿತದ ಹೆಸರೂ ಅದೇ. ಹಾಡು ಶುರುವಾಗೋದು ಪಕ್ಕಾ ಅಮೆರಿಕನ್ ಡ್ಯಾನ್ಸ್ ಹಾಲ್ ಹಾಡಾಗಿ, ನಿಧಾನಕ್ಕೆ, ಮಾರ್ಥಾ ಟಿಲ್ಟನ್ ಸಿಹಿಯಾಗಿ ಹಾಡ್ತಾರೆ, ಅಲ್ಲಿವರೆಗೆ ನೂರು ಹಾಡಲ್ಲಿ ಇದೂ ಒಂದು ಅನ್ಸುತ್ತೆ. ಆಮೇಲೆ ಎಲ್ಮನ್ ಟ್ರಂಪೆಟ್ ಎತ್ಕೋತಾರೆ. ಒಂದು ಗಳಿಗೇಲಿ ಡ್ರಮ್ಮಿನ ಹೊಡೆತ ಬದಲಾಗಿ, ಸ್ವಿಂಗ್ ಹೋಗಿ ಮದುವೆ ಮನೆ ಕುಣಿತದ ಧಡ್ ಧಡ್ ಬರುತ್ತೆ, ಟ್ರಂಪೆಟ್ ಬಿಕ್ಕುತ್ತೆ, ಜಾರುತ್ತೆ, ನಗುತ್ತೆ, ಇಡೀ ಬ್ಯಾಂಡ್ ಸೂಟು ಬೂಟು ಬಿಚ್ಚಿಟ್ಟು ಅಜ್ಜನ ಊರಿನ ಅಂಗಳಕ್ಕೆ ಇಳಿದ ಹಾಗೆ. ಅರ್ಧ ನಿಮಿಷ ಇರಬಹುದು ಅಷ್ಟೇ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಬ್ಯಾಂಡ್ ವಾಪಸ್ ಸ್ವಿಂಗಿಗೆ ಬಂದು ಹಾಡು ಮುಗಿಸುತ್ತೆ. ವಲಸೆ ಬಂದವರ ಮಕ್ಕಳ ಬದುಕಿನ ಬಗ್ಗೆ ನಾನು ಓದಿರೋ ಎಷ್ಟೋ ಲೇಖನಗಳಿಗಿಂತ ಆ ಅರ್ಧ ನಿಮಿಷ ಜಾಸ್ತಿ ಹೇಳುತ್ತೆ, ನಿಜವಾಗ್ಲೂ.

ಹಳೇ ಊರಿನ ಸಂಗೀತ ಹೊತ್ಕೊಂಡು ನುಡಿಸಿದೋರು ಎಲ್ಮನ್ ಒಬ್ರೇ ಅಲ್ಲ. 1881ರಿಂದ 1924ರ ಒಳಗೆ ಪೂರ್ವ ಯೂರೋಪಿಂದ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದ್ರು, 1924ರಲ್ಲಿ ಕಾನೂನು ತಂದು ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ್ರು. ಆ ಬಾಗಿಲು ಮುಚ್ಚೋ ಮುಂಚೆ 1921ರಲ್ಲಿ ಬಂದೋರು ಕ್ಲಾರಿನೆಟ್ ವಾದಕ ಡೇವ್ ಟರಾಸ್. ವಲಸೆ ಬಂದವರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲ್ಯಾಂಡಲ್ಲಿ ಸಾಮಾನನ್ನೆಲ್ಲ ಹೊಗೆ ಹಾಕಿ ಶುದ್ಧ ಮಾಡುವಾಗ ಅವರ ಕ್ಲಾರಿನೆಟ್ ಹಾಳಾಗಿಹೋಯ್ತು, ಬಂದ ಹೊಸದ್ರಲ್ಲಿ ತುಪ್ಪಳದ ಫ್ಯಾಕ್ಟರೀಲಿ ಕೆಲಸ ಮಾಡಿದ್ರು. ಅದೇ ಮನುಷ್ಯ ಮುಂದೆ ಯಿಡ್ಡಿಶ್ ಸ್ವಿಂಗ್ ವಾದ್ಯಗೋಷ್ಠಿಗಳಲ್ಲಿ ನುಡಿಸಿದ್ರು. ಎರಡನೇ ಡಿಸ್ಕಲ್ಲಿ ಅವರು ನುಡಿಸಿರೋದು ಮೂರು ಹಾಡು ಇವೆ, ಗಾಯಕರನ್ನ ಬಿಟ್ಟು ಕ್ಲಾರಿನೆಟ್ ಹಿಂದೆ ಹೋಗಿ ನೋಡಿ ಒಂದ್ಸಲ. ಜಾಝ್ ಬ್ಯಾಂಡಿನ ಮಧ್ಯ ಕೂತಿದ್ರೂ ಅವರು ಜಾಝ್ ನುಡಿಸೋಕೆ ಹೋಗಲ್ಲ, ತಮ್ಮ ದಾರೀಲಿ ತಾವು ಹೋಗ್ತಾರೆ, ಬ್ಯಾಂಡೇ ಅವರ ಸುತ್ತ ಬಗ್ಗುತ್ತೆ.

ಆರನ್ ಲೆಬೆಡೆಫ್ ಬಗ್ಗೆ ಹೇಳ್ದೇ ಇದ್ರೆ ಆಗಲ್ಲ. "ರುಮೇನಿಯಾ, ರುಮೇನಿಯಾ", ಇದು 1941ರ ರೆಕಾರ್ಡಿಂಗು. ಲೆಬೆಡೆಫ್ ಇದ್ದಿದ್ದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ಕಡೆಯ ಯಿಡ್ಡಿಶ್ ನಾಟಕಗಳಲ್ಲಿ, ಅಲ್ಲಿನ ದೊಡ್ಡ ಸ್ಟಾರ್. ಹಾಡಿನ ವಿಷಯ ಅಂದ್ರೆ ರುಮೇನಿಯಾದಲ್ಲಿ ತಿಂದಿದ್ದು ಕುಡಿದಿದ್ದರ ನೆನಪು ಅಷ್ಟೇ, ವೈನು, ಮಾಮಲಿಗಾ, ಪಾಸ್ಟ್ರಾಮಿ. ಶುರುವಲ್ಲಿ ಆಲಾಪದ ಥರ ತಾಳ ಇಲ್ದೇ ಎಳೀತಾರೆ, ಕಣ್ಮುಚ್ಕೊಂಡು ಹಾಡ್ತಿದಾರೆ ಅಂತ ನಮಗೆ ಕಾಣುತ್ತೆ, ಆಮೇಲೆ ಒಂದೇ ಸಲಕ್ಕೆ ತಾಳ ಹಿಡ್ಕೊಂಡು ಓಡೋಕೆ ಶುರು. ಕೊನೆ ಕೊನೆಗೆ ಪದಗಳೇ ಇರಲ್ಲ, ಬರೀ ನಾಲಿಗೆ, ಉಸಿರು, ಸೀಟಿ, ಬಾಯಲ್ಲೇ ತಾಳವಾದ್ಯ. ಕೊನ್ನಕೋಲು ಕೇಳಿ ಗೊತ್ತಿರೋರು ಇದನ್ನ ಕೇಳಿದ್ರೆ ಎದ್ದು ಕೂರ್ತಾರೆ. ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರು ಅರ್ಥವಿಲ್ಲದ ಶಬ್ದಗಳಲ್ಲಿ ಹಾಡೋ ಸ್ಕ್ಯಾಟ್ ಒಂದು ಕಡೆಯಿಂದ, ಕಟ್ಟಾ ಸಂಪ್ರದಾಯಸ್ಥ ಹಸೀದೀ ಯಹೂದಿಗಳು ಪದ ಇಲ್ದೇ ಹಾಡೋ ನಿಗುನ್ ಇನ್ನೊಂದು ಕಡೆಯಿಂದ, ಎರಡೂ ಒಬ್ಬ ಮನುಷ್ಯನ ಬಾಯಲ್ಲಿ ಬಂದು ಸೇರ್ಕೊಂಡ ಹಾಗಿದೆ ಇದು. ಉಸಿರು ಎಲ್ಲಿ ತಗೋತಾರೆ ಅಂತ ಹುಡುಕೋಕೆ ನಾನು ಆರೇಳು ಸಲ ರಿವೈಂಡ್ ಮಾಡಿದೀನಿ.

ಇನ್ನು "ಅಬಿ ಗೆಜುಂಟ್". ಆರೋಗ್ಯ ಒಂದಿದ್ರೆ ಸಾಕು ಅಂತ ಅರ್ಥ, ನಮ್ಮಲ್ಲಿ ಮನೆ ಹಿರಿಯರು ಮಾತಿಗೆ ಮುಂಚೆ ಅನ್ನೋದೇ. ಮಾಲಿ ಪಿಕಾನ್ ಸಾಹಿತ್ಯ, ಅಬ್ರಹಾಮ್ ಎಲ್‌ಸ್ಟೈನ್ ಸಂಗೀತ, 1938ರ "ಮಾಮೆಲೆ" ಸಿನಿಮಾಕ್ಕೆ. ಆ ಸಿನಿಮಾ ತೆಗೆದಿದ್ದು ಪೋಲೆಂಡಲ್ಲಿ. ಮುಂದಿನ ವರ್ಷವೇ, 1939ರ ಸೆಪ್ಟೆಂಬರಲ್ಲಿ, ಜರ್ಮನ್ ಸೈನ್ಯ ಪೋಲೆಂಡ್ ಒಳಗೆ ನುಗ್ತು. ಈ ದಿನಾಂಕ ಗೊತ್ತಾದ್ಮೇಲೆ ನಂಗೆ ಈ ಹಾಡನ್ನ ಮೊದಲಿನ ಹಾಗೆ ಕೇಳೋಕೆ ಆಗ್ತಿಲ್ಲ. ಸ್ವಲ್ಪ ಬಿಸಿಲು, ಸ್ವಲ್ಪ ಗಾಳಿ, ತಲೆ ಮೇಲೊಂದು ಸೂರು ಇದ್ರೆ ಸಾಕು ಅನ್ನೋ ಥರದ ಹಗುರ ಹಾಡು, ಬ್ಯಾರಿ ಸಿಸ್ಟರ್ಸ್ ಅದನ್ನ ಇನ್ನೂ ಹಗುರ ಮಾಡಿ, ಬೆರಳಲ್ಲಿ ಚಿಟಿಕೆ ಹೊಡೆಯೋ ಹಾಗೆ ಹಾಡ್ತಾರೆ. ಎಲ್ಲೂ ದುಃಖ ತೋರಿಸಲ್ಲ, ದನಿ ಒಂದು ಚೂರೂ ಭಾರ ಆಗಲ್ಲ. ಅದೇ ಇದರ ಶಕ್ತಿ ಅಂತ ನಂಗನ್ಸುತ್ತೆ, ಅಳಿಸೋಕೆ ಪ್ರಯತ್ನ ಪಟ್ಟಿದ್ರೆ ಇಷ್ಟು ಉಳೀತಿರ್ಲಿಲ್ಲ. "ತುಂಬಾಲಲೈಕಾ" ಕೂಡ ಹಾಗೇ, ಅದು ಹಳೇ ಜನಪದ ಹಾಡು, ಹುಡುಗ ಹುಡುಗೀಗೆ ಒಗಟು ಕೇಳ್ತಾನೆ, ಮಳೆ ಇಲ್ದೇ ಬೆಳೆಯೋದು ಏನು, ಕಣ್ಣೀರಿಲ್ದೇ ಅಳೋದು ಏನು ಅಂತ, ಹುಡುಗಿ ಕಲ್ಲು, ಹೃದಯ ಅಂತ ಪಟಪಟ ಉತ್ತರ ಕೊಡ್ತಾಳೆ. ಮೂರು ಮಾತ್ರೆಯ ನಡೆ, ಅದನ್ನ ಇವರು ನೈಟ್‌ಕ್ಲಬ್ ಹಾಡಿನ ಥರ ಮೆತ್ತಗೆ ಮಾಡಿದಾರೆ. ಕೆಲವರಿಗೆ ಜನಪದ ಹಾಡನ್ನ ಹೀಗೆ ಪಾಲಿಶ್ ಮಾಡಿದ್ದು ಇಷ್ಟ ಆಗಲ್ಲ, ನಂಗೆ ಇಷ್ಟ ಆಯ್ತು, ಯಾಕಂದ್ರೆ ಒಗಟು ಒಗಟಾಗೇ ಉಳಿದಿದೆ.

ಕಪ್ಪು ಸಂಗೀತಗಾರರ ಹಾಡುಗಳನ್ನ ಸೇರಿಸಿದ್ದು ಈ ಸೆಟ್ ಮಾಡಿರೋ ಒಳ್ಳೇ ಕೆಲಸ. ಕ್ಯಾಬ್ ಕ್ಯಾಲೋವೇ 1939ರಲ್ಲಿ ಹಾಡಿದ "ಅಟ್ ಡಾ ಝೇ" ಇದೆ, ಅದರ ಮೂಲ ಒಂದು ಹಳೇ ಯಿಡ್ಡಿಶ್ ದರ್ಜಿ ಹಾಡು, ದರ್ಜಿ ವಾರಪೂರ್ತಿ ಹೊಲೀತಾನೆ ಹೊಲೀತಾನೆ, ಕೈಗೆ ರೊಟ್ಟಿ ಮಾತ್ರ ಸಿಗಲ್ಲ ಅಂತ. ಕ್ಯಾಲೋವೇ ಅದನ್ನ ಹಾರ್ಲೆಮ್ ಶೈಲೀಲಿ ತಿರುಗಿಸ್ತಾರೆ, ಜೊತೆಗೆ ಸಿನಗಾಗ್ ಹಾಡುಗಾರಿಕೆಯ ಎಳೆತವನ್ನೂ ಎಷ್ಟು ಚೆನ್ನಾಗಿ ತರ್ತಾರೆ ಅಂದ್ರೆ ಹತ್ತಿರ ಕೂತು ಕೇಳ್ದೋರ ಕಿವಿ ಅದು. ಈ ಕೊಡುಕೊಳ್ಳುವಿಕೆ ಅಲ್ಲಿಗೇ ನಿಂತಿಲ್ಲ, ಕ್ಲೀವ್‌ಲ್ಯಾಂಡಿನ ಮಿಕಿ ಕಾಟ್ಸ್ ಅಮೆರಿಕನ್ ಹಿಟ್ ಹಾಡುಗಳನ್ನ ಯಿಡ್ಡಿಶ್ ಇಂಗ್ಲಿಷ್ ಕಲಸಿ ಅಣಕು ಮಾಡ್ತಿದ್ರು, ಅದನ್ನ ಬರೀ ತಮಾಷೆ ಅಂತ ಎಷ್ಟೋ ಜನ ಪಕ್ಕಕ್ಕಿಟ್ಟಿದ್ರು. 1993ರಲ್ಲಿ ಡಾನ್ ಬೈರನ್ ಅನ್ನೋ ಕಪ್ಪು ಕ್ಲಾರಿನೆಟ್ ವಾದಕ ಮಿಕಿ ಕಾಟ್ಸ್ ಸಂಗೀತವನ್ನೇ ಇಡೀ ಆಲ್ಬಮ್ ಮಾಡಿ ನುಡಿಸಿದ್ರು. ಆ ವಾದ್ಯಗಾರಿಕೆ ಎಷ್ಟು ಕಷ್ಟದ್ದು ಅನ್ನೋದು ಆಗ ಬಹಳ ಜನಕ್ಕೆ ಅರ್ಥ ಆಯ್ತು. ಬೈರನ್ ಆಲ್ಬಮ್ ಈ ಸೆಟ್ಟಲ್ಲಿಲ್ಲ, ಬೇರೆ ಹುಡುಕಿ ಕೇಳಿ.

ಬ್ಯಾರಿ ಸಿಸ್ಟರ್ಸ್ ಬಗ್ಗೆ ಇನ್ನೊಂದು ಸಂಗತಿ, ಇದು ಪುಸ್ತಿಕೇಲಿ ಇರ್ಲೇಬೇಕಿತ್ತು, ಇಲ್ಲ. 1959ರಲ್ಲಿ ಟಿವಿ ಪ್ರೋಗ್ರಾಮಿನ ಎಡ್ ಸಲಿವನ್ ಒಂದು ಅಮೆರಿಕನ್ ಕಲಾವಿದರ ತಂಡ ಕಟ್ಕೊಂಡು ಸೋವಿಯತ್ ಒಕ್ಕೂಟಕ್ಕೆ ಹೋದ್ರು, ಅದರಲ್ಲಿ ಬ್ಯಾರಿ ಸಿಸ್ಟರ್ಸ್ ಇದ್ರು. ಮಾಸ್ಕೋದ ಗೋರ್ಕಿ ಪಾರ್ಕಲ್ಲಿ ಯಿಡ್ಡಿಶಲ್ಲಿ ಹಾಡಿದ್ರು. ಅದಕ್ಕೆ ಏಳೇ ವರ್ಷ ಹಿಂದೆ, 1952ರ ಆಗಸ್ಟ್ 12ರ ರಾತ್ರಿ, ಅದೇ ಮಾಸ್ಕೋದಲ್ಲಿ ಸ್ಟಾಲಿನ್ ಸರ್ಕಾರ 13 ಜನ ಯಹೂದಿಗಳನ್ನ ಗುಂಡಿಕ್ಕಿ ಕೊಂದಿತ್ತು, ಅವರಲ್ಲಿ ಯಿಡ್ಡಿಶಿನ ದೊಡ್ಡ ದೊಡ್ಡ ಕವಿಗಳಿದ್ರು. ಯಿಡ್ಡಿಶ್ ಶಾಲೆ, ನಾಟಕ ಮಂದಿರ, ಪತ್ರಿಕೆ ಹೆಚ್ಚುಕಮ್ಮಿ ಎಲ್ಲ ಮುಚ್ಚಿಸಿದ್ರು. ಅಂಥ ಊರಲ್ಲಿ, ಬಯಲಲ್ಲಿ ನಿಂತ್ಕೊಂಡು, ಬ್ರಾಂಕ್ಸಿನ ಇಬ್ರು ಹೆಂಗಸರು ಮಿಂಚೋ ಗೌನ್ ಹಾಕ್ಕೊಂಡು, ಅಲ್ಲಿನವರು ತಮ್ಮ ಮಕ್ಕಳ ಹತ್ರ ಮಾತಾಡೋಕೂ ಹೆದರ್ತಿದ್ದ ಭಾಷೇಲಿ, ನಗ್ತಾ ಹಾಡ್ತಾರೆ. ಕೇಳಿದೋರಿಗೆ ಏನಾಗಿರ್ಬೇಡ ಹೇಳಿ. ಅವರ ರೆಕಾರ್ಡುಗಳು ಆಮೇಲೆ ಸೋವಿಯತ್ ಯಹೂದಿಗಳ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡಿದ್ವು, ಇವತ್ತಿಗೂ ರಷ್ಯನ್ ಮಾತಾಡೋ ಯಹೂದಿಗಳಲ್ಲಿ ಇವರ ಹೆಸರಿಗಿರೋ ಬೆಲೆ ಬೇರೇನೇ. ಇಂಥದ್ದು ಗೊತ್ತಿಲ್ದೇ ಇವರನ್ನ ಬರೀ ಲೌಂಜ್ ಸಿಂಗರ್ಸ್ ಅಂತ ಬರೆದು ಕೈತೊಳ್ಕೊಳ್ಳೋದು ನೋಡಿದ್ರೆ ನಂಗೆ ಬೇಜಾರಾಗುತ್ತೆ.

ಯುದ್ಧಕ್ಕೆ ಮುಂಚೆ ಯಿಡ್ಡಿಶ್ ಮಾತಾಡೋರು ಜಗತ್ತಲ್ಲಿ 1 ಕೋಟಿಗೂ ಹೆಚ್ಚಿದ್ರು. 60 ಲಕ್ಷ ಯಹೂದಿಗಳನ್ನ ಕೊಂದ್ರಲ್ಲ, ಅವರಲ್ಲಿ ಬಹುಪಾಲು ಈ ಭಾಷೆಯವರೇ. ಇವತ್ತು ದಿನನಿತ್ಯ ಮಾತಾಡೋರು ಹೆಚ್ಚಾಗಿ ಹಸೀದೀ ಸಮುದಾಯಗಳಲ್ಲಿದಾರೆ, ಅವರು ಈ ಹೆಂಗಸರ ಸ್ವಿಂಗ್ ಹಾಡು ಕೇಳೋರಲ್ಲ. ಕೇಳೋರಿಗೆ ಭಾಷೆ ಬರಲ್ಲ, ನನ್ನ ಹಾಗೇ. ಆದ್ರೂ ಹಾಡು ನಡೀತಾ ಇದೆ. ಭಾಷೆ ಅರ್ಥ ಆಗ್ದೇ ಇದ್ರೂ ಅಪೊಲೊ ಥಿಯೇಟರಲ್ಲಿ ಜನ ಕುಣಿದ್ರು ಅಂದ್ನಲ್ಲ, ಆ ದಿನದಿಂದಲೂ ಹಾಗೇ ನಡ್ಕೊಂಡು ಬಂದಿದೆ. ಬ್ಯಾರಿ ಸಿಸ್ಟರ್ಸ್ 1973ರಲ್ಲಿ ಕೂಡ ಆ ಕಾಲದ ಅಮೆರಿಕನ್ ಪಾಪ್ ಹಿಟ್ಟುಗಳನ್ನ, ತಲೆ ಮೇಲೆ ಮಳೆಹನಿ ಬೀಳೋ ಆ ಫೇಮಸ್ ಹಾಡೂ ಸೇರಿ, ಯಿಡ್ಡಿಶಿಗೆ ತಿರುಗಿಸಿ ಹಾಡಿದ್ರು. ಅಂದ್ರೆ ಅವರಿಗೆ ಯಿಡ್ಡಿಶ್ ಅನ್ನೋದು ಗಾಜಿನ ಪೆಟ್ಟಿಗೇಲಿಡೋ ವಸ್ತು ಆಗಿರ್ಲಿಲ್ಲ, ಇವತ್ತಿನ ರೇಡಿಯೋಲಿ ಏನು ಬರುತ್ತೋ ಅದನ್ನ ಹಾಡೋಕೆ ಆಗೋ ಭಾಷೆ. ಎರಡನೇ ಡಿಸ್ಕ್ ಕೊನೇಲಿ ಅದೂ ಇದೆ, ಹಾಡಾಗಿ ಅಷ್ಟೇನೂ ದೊಡ್ಡದಲ್ಲ, ಆದ್ರೂ ನಂಗೆ ಅದು ಇರ್ಬೇಕು ಅನ್ಸುತ್ತೆ.

ಈಗ ದೂರು. ಒಂದು, ಪುಸ್ತಿಕೆ. ಅರ್ಧಕ್ಕರ್ಧ ಹಾಡುಗಳ ಮುಂದೆ "ಸಾಂಪ್ರದಾಯಿಕ" ಅಂತ ಬರೆದಿದಾರೆ. ಇದು ತಪ್ಪು, ಸಣ್ಣ ತಪ್ಪಲ್ಲ. ಆಂಡ್ರೂಸ್ ಸಿಸ್ಟರ್ಸ್ "ಜೋಸೆಫ್ ಜೋಸೆಫ್" ಅಂತ ಹಾಡಿದ್ದು ಮೂಲತಃ "ಯೋಸ್ಲ್ ಯೋಸ್ಲ್" ಅನ್ನೋ ಯಿಡ್ಡಿಶ್ ಹಾಡು, ನೆಲ್ಲಿ ಕ್ಯಾಸ್ಮನ್, ಸ್ಯಾಮ್ಯುಯೆಲ್ ಸ್ಟೈನ್‌ಬರ್ಗ್ ಮಾಡಿದ್ದು, ಅವರ ಹೆಸರೇ ಇಲ್ಲ. "ಅಬಿ ಗೆಜುಂಟ್" ಮುಂದೇನೂ ಸಾಂಪ್ರದಾಯಿಕ ಅಂತ ಹಾಕಿದಾರೆ. ಸೆಕುಂಡಾ ಅವರಿಗೆ ಒಂದು ಸಲ 15 ಡಾಲರ್ ಕೊಟ್ಟು ಕಳಿಸಿದ್ದಾಯ್ತು, ಈಗ ಇನ್ನೊಬ್ಬರ ಹೆಸರನ್ನೂ ತೆಗೆದುಹಾಕೋದಾ? ಈ ಸಂಗೀತ ತಾನಾಗೇ ಎಲ್ಲೋ ಹಳ್ಳೀಲಿ ಹುಟ್ಕೊಂಡಿದ್ದಲ್ಲ, ಬಾಡಿಗೆ ಕಟ್ಟೋಕೆ ನಾಟಕ ಬರೀತಿದ್ದ, ಹೆಸರು ವಿಳಾಸ ಇದ್ದ ಮನುಷ್ಯರು ಮಾಡಿದ್ದು.

ಎರಡನೇದು ಸೌಂಡ್. ಹಳೇ ರೇಡಿಯೋ ಪ್ರೋಗ್ರಾಮಿಂದ ತಗೊಂಡ ನಾಲ್ಕು ಹಾಡು ಇವೆ, ಅವು ಅಲ್ಯುಮಿನಿಯಂ ಡಿಸ್ಕ್ ಮೇಲೆ ಕೊರೆದ ರೆಕಾರ್ಡಿಂಗುಗಳು. ಅಂಥ ಡಿಸ್ಕುಗಳು ಯುದ್ಧದ ಟೈಮಲ್ಲಿ ಗುಜರಿಗೆ ಹೋಗಿ ಕರಗಿದ್ದೇ ಜಾಸ್ತಿ, ಉಳಿದಿದ್ದನ್ನ ಹೆನ್ರಿ ಸಪೋಜ್ನಿಕ್ ಅನ್ನೋ ಸಂಗೀತಗಾರ ಅಟ್ಟ, ಗೋಡೌನು ಅಂತ ಹುಡುಕಿ ಒಟ್ಟು ಮಾಡಿ, 2002ರಲ್ಲಿ ಅಮೆರಿಕದ ಪಬ್ಲಿಕ್ ರೇಡಿಯೋದಲ್ಲಿ ಸರಣಿ ಮಾಡಿ ಕೇಳಿಸಿದ್ರು. ಇಷ್ಟು ಕಷ್ಟಪಟ್ಟು ಉಳಿದಿರೋ ದನಿ ಮೇಲೆ ಇವರು ಗರಗರ ತೆಗೀತೀವಿ ಅಂತ ಕಂಪ್ಯೂಟರ್ ಫಿಲ್ಟರ್ ಓಡಿಸಿ, ಕ್ಲಾರಿನೆಟ್ಟಿನ ಮೇಲಿನ ಸ್ವರಗಳನ್ನೆಲ್ಲ ಕಂಬಳಿ ಹೊದಿಸಿದ ಹಾಗೆ ಮಾಡಿಟ್ಟಿದಾರೆ. ಗರಗರ ಇದ್ರೂ ಪರವಾಗಿಲ್ಲ, ಆ ಬಿಕ್ಕು ಕೇಳ್ಬೇಕು. ಫಿಲ್ಟರ್ ಮೊದ್ಲು ತಿನ್ನೋದೇ ಅದನ್ನ. ಜೊತೆಗೆ ಹಾಡಿಂದ ಹಾಡಿಗೆ ವಾಲ್ಯೂಮ್ ಒಂದೇ ಥರ ಇಲ್ಲ. ಸಾಹಿತ್ಯದ ಅನುವಾದವೂ ಇಲ್ಲ, ನಾನು ಅರ್ಥ ತಿಳ್ಕೊಂಡಿದ್ದೆಲ್ಲ ಹೊರಗಡೆ ಹುಡುಕಿ. ಮೂರನೇದು, ಸೋಫಿ ಟಕ್ಕರ್ 1928ರಲ್ಲಿ "ಮೈ ಯಿಡ್ಡಿಷೆ ಮಾಮೆ" ಹಾಡನ್ನ ರೆಕಾರ್ಡಿನ ಒಂದು ಬದಿ ಇಂಗ್ಲಿಷಲ್ಲಿ, ಇನ್ನೊಂದು ಬದಿ ಯಿಡ್ಡಿಶಲ್ಲಿ ಹಾಡಿದ್ರು, ಇವರು ಇಂಗ್ಲಿಷ್ ಬದಿ ಮಾತ್ರ ಹಾಕಿದಾರೆ. ಯಿಡ್ಡಿಶ್ ಸಂಗ್ರಹದಲ್ಲಿ ಯಿಡ್ಡಿಶ್ ಬದೀನೇ ಬಿಟ್ರೆ ಹೇಗೆ?

ಇಷ್ಟೆಲ್ಲ ಇದ್ರೂ ತಗೊಳ್ಳಿ ಅಂತಲೇ ಹೇಳ್ತೀನಿ, ಇಷ್ಟು ಹಾಡು ಒಂದೇ ಕಡೆ ಸಿಗೋದು ಕಮ್ಮಿ. ಆದ್ರೆ ಡಿಸ್ಕ್ ಹಾಕಿದ ಆರ್ಡರಲ್ಲೇ ಕೇಳ್ಬೇಡಿ, ಮೊದಲ ಡಿಸ್ಕ್ ಶುರುವಲ್ಲಿ ಫೇಮಸ್ ಹಾಡುಗಳನ್ನೆಲ್ಲ ಒಟ್ಟಿಗೆ ತುಂಬಿದಾರೆ, ಸುಸ್ತಾಗುತ್ತೆ. ಮೊದ್ಲು "ಅಬಿ ಗೆಜುಂಟ್", ಆಮೇಲೆ ಎರಡನೇ ಡಿಸ್ಕಿನ ಟರಾಸ್ ಕ್ಲಾರಿನೆಟ್, ಕಿವಿಗೆ ಆ ಸ್ಕೇಲು ಕೂತ್ಮೇಲೆ "ಅಂಡ್ ದಿ ಏಂಜಲ್ಸ್ ಸಿಂಗ್". ಲೆಬೆಡೆಫ್ ಹಾಡಿಗೆ ಬರುವಾಗ ವಾಲ್ಯೂಮ್ ಸ್ವಲ್ಪ ಇಳಿಸ್ಕೊಳ್ಳಿ, ಆ ಹಾಡು ಬೇರೆಯವಕ್ಕಿಂತ ಜೋರಾಗಿ ರೆಕಾರ್ಡ್ ಆಗಿದೆ, ಶುರುವಿನ ಆಲಾಪ ಮೆತ್ತಗಿದೆ ಅಂತ ಜಾಸ್ತಿ ಇಟ್ಟಿದ್ರೆ ತಾಳ ಹಿಡಿಯೋ ಹೊತ್ತಿಗೆ ಸ್ಪೀಕರ್ ಒದರುತ್ತೆ.